ಎಲ್ಲರಿಗೂ ‘ಶ್ರೀ’ ಅಂದರೆ ಅಧ್ಯಕ್ಷರಿಗೇನು ಉಳಿಯಿತು?

ಕಂಪ್ಯೂಟರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಹೋದ ಶನಿವಾರ, ಇದೇ ದಾವಣಗೆರೆಯಲ್ಲಿ, ಇವೇ ಎರಡು ಕಣ್ಣುಗಳಿಂದ.

ಜರಿ ಅಂಚಿನ ಶಾಲು. ಅದರ ಮೇಲೆ ಸೇವಂತಿಗೆ ಹಾರ. ಮಾನಿಟರಿನ ಹಣೆಗೆ ವಿಭೂತಿ, ನಡುವೆ ಕುಂಕುಮ. ಕೀಬೋರ್ಡಿನ ಪಕ್ಕ ಬಾಳೆಹಣ್ಣಿಗೆ ಚುಚ್ಚಿದ ಊದಿನಕಡ್ಡಿ. ಹಾರ ಎಷ್ಟು ದಪ್ಪ ಇತ್ತೆಂದರೆ ಪರದೆ ಅರ್ಧ ಕಾಣುತ್ತಲೇ ಇರಲಿಲ್ಲ. ಇರಲಿ ಬಿಡಿ, ಪರದೆ ನೋಡಲು ಅಲ್ಲಿಗೆ ಯಾರೂ ಬಂದಿರಲಿಲ್ಲ. ಎಲ್ಲರೂ ಬಂದದ್ದು ಅಧ್ಯಕ್ಷರನ್ನು ನೋಡಲು, ಅದಕ್ಕಿಂತ ಹೆಚ್ಚಾಗಿ ಅಧ್ಯಕ್ಷರ ಕಣ್ಣಿಗೆ ಬೀಳಲು.

ಕಾಲೇಜಿನ ಹೆಸರು ಬರೆಯುವುದಿಲ್ಲ. (ನಮ್ಮ ಸಂಪಾದಕರು ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು ಎರಡು ಸಲ ಕೆಮ್ಮಿದರು. ಜಾಹೀರಾತಿನ ಕೆಮ್ಮು ಯಾವುದು, ನೆಗಡಿಯ ಕೆಮ್ಮು ಯಾವುದು ಎಂದು ನನಗೆ ಗೊತ್ತಾಗುತ್ತದೆ.) ಹೆಸರು ಬೇಕೇ ಬೇಕು ಅನ್ನುವವರು ಎಂ.ಸಿ.ಸಿ. ‘ಬಿ’ ಬ್ಲಾಕಿನ ನಮ್ಮ ಮನೆಗೆ ಬನ್ನಿ. ಚಾ ಕೊಟ್ಟು ಹೇಳುತ್ತೇನೆ.

ಅವತ್ತು ನಡೆದದ್ದು ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಉದ್ಘಾಟನೆ. ನಮ್ಮೂರು ಜಿಲ್ಲೆಯಾದ ಮೇಲೆ ಇಲ್ಲಿ ಎಲ್ಲರಿಗೂ ಎಲ್ಲವೂ ಅರ್ಜೆಂಟಾಗಿ ಬೇಕಲ್ಲ, ಹಾಗೇ ಈ ಕಾಲೇಜಿನವರಿಗೂ ಒಂದು ಹೊಸ ಕೋರ್ಸು ಬೇಕಾಯಿತು. ಹೆಸರು ‘ಇಂಟರ್ಯಾಕ್ಟಿವ್ ವೆಬ್ ಪ್ರೋಗ್ರಾಮಿಂಗ್ ಪರಿಚಯ’. ಉದ್ದ ನೋಡಿ ಹೆದರಬೇಡಿ. ಇಂಟರ್ನೆಟ್ ಅಂತ ಒಂದು ಬಂದಿದೆಯಲ್ಲ, ಅದರಲ್ಲಿ ಕಾಣುವ ಪುಟಗಳನ್ನು ಬರೆಯುವ ವಿದ್ಯೆ. ಬರೀ ಓದಿ ಸುಮ್ಮನಾಗುವ ಪುಟ ಅಲ್ಲ. ನೀವು ಏನಾದರೂ ಟೈಪ್ ಮಾಡಿ ಬಟನ್ ಒತ್ತಿದರೆ, ನೀವು ಟೈಪ್ ಮಾಡಿದ್ದಕ್ಕೆ ತಕ್ಕ ಉತ್ತರ ಕೊಡುವ ಪುಟ. ‘ಇಂಟರ್ಯಾಕ್ಟಿವ್’ ಅಂದರೆ ಇಷ್ಟೇ.

ಕೋರ್ಸು ಮುಗಿಯಲು ಬಂದಿತ್ತು. ಲ್ಯಾಬಿನ ಉದ್ಘಾಟನೆ ಈಗ ಯಾಕೆ ಅಂತೀರಾ? ಆಡಳಿತ ಮಂಡಳಿಯ ಅಧ್ಯಕ್ಷರ ಡೇಟ್ ಸಿಕ್ಕಿರಲಿಲ್ಲ! ಕಂಪ್ಯೂಟರುಗಳು ಕೋರ್ಸಿನ ಜೊತೆಗೇ ಬಂದಿದ್ದವು. ಮೇಜಿನ ಮೇಲೆ ಕೂತೂ ಇದ್ದವು. ಆದರೆ ಉದ್ಘಾಟನೆ ಆಗದೆ ಮುಟ್ಟುವಂತಿಲ್ಲ. ಮುಟ್ಟಿಬಿಟ್ಟರೆ ಅಧ್ಯಕ್ಷರು ಬಂದು ಉದ್ಘಾಟನೆ ಮಾಡುವುದಕ್ಕೆ ಏನು ಉಳಿಯುತ್ತದೆ? ಆದ್ದರಿಂದ ಬಾಗಿಲಿಗೆ ಬೀಗ. ಹುಡುಗರು ಕಿಟಕಿಯಿಂದ ಕಂಪ್ಯೂಟರ್ ದರ್ಶನ ಮಾಡಿ, ಪಕ್ಕದ ಕೋಣೆಗೆ ಹೋಗಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪ್ರೋಗ್ರಾಮು ನಕಲು ಮಾಡಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಬಟನ್ ಅಂದರೆ ಒಂದು ಚೌಕ. ಒತ್ತಿದರೆ ಬೆರಳಿಗೆ ಸುಣ್ಣ ಹತ್ತುತ್ತದೆ.

ಈಜು ಕಲಿಸುವವರು ಹೀಗೆ ಮಾಡಿದ್ದರೆ ಎಷ್ಟು ಹೆಣ ಬೀಳುತ್ತಿದ್ದವೋ.

ಇದೆಲ್ಲ ನನಗೆ ಹೇಗೆ ಗೊತ್ತು? ನನ್ನ ಅಕ್ಕನ ಮಗಳು ನಿರ್ಮಲ ಇದೇ ಕೋರ್ಸಿನಲ್ಲಿದ್ದಾಳೆ. ಭಾನುವಳ್ಳಿ ಹುಡುಗಿ. ಊರಿನಿಂದ ಹರಿಹರಕ್ಕೆ ಒಂದು ಬಸ್ಸು, ಹರಿಹರದಿಂದ ದಾವಣಗೆರೆಗೆ ಇನ್ನೊಂದು. ಡಿಗ್ರಿ ಮುಗಿದಾಗ ಅವರಪ್ಪ, ಅಂದರೆ ನಮ್ಮ ಭಾವ, “ಓದಿದ್ದಾತಲ್ಲ, ಇನ್ನ ಮನ್ಯಾಗಿರ್ಲಿ” ಅಂದಿದ್ದರು. ಅವರ ಮುಂದೆ ಕೂತು, ಗಂಟಲು ಹರಿಯುವ ಹಾಗೆ ವಾದ ಮಾಡಿ ಒಪ್ಪಿಸಿದವಳು ನಾನು.

“ಆತವ್ವ, ಕಲೀಲಿ. ಇದರಿಂದ ಕೆಲ್ಸ ಸಿಕ್ರೆ ಹೋಗ್ಲಿ, ನಾ ತಡೆಯಲ್ಲ. ಸಿಗಲಿಲ್ಲಂದ್ರೆ ಮಾತ್ರ ಆಮ್ಯಾಲೆ ನೀನು ನಡುವೆ ಬರಬ್ಯಾಡ” ಅಂದರು ಭಾವ. ಒಪ್ಪಿದೆ.

ಹುಡುಗಿ ಜಾಣೆ. ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದರೇನಂತೆ, ಹರಿಹರದ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನವರನ್ನು ಕೇಳಿಕೊಂಡು, ಬಸ್ಸು ಬದಲಾಯಿಸುವ ಹೊತ್ತಿನಲ್ಲಿ ಅಲ್ಲಿ ಕೂತು, ಬೋರ್ಡಿನಿಂದ ಬರೆದುಕೊಂಡದ್ದನ್ನೆಲ್ಲ ಟೈಪ್ ಮಾಡಿ ನೋಡಿದಳು. ಅರ್ಧ ಓಡಲಿಲ್ಲ. ಬೋರ್ಡಿನ ಮೇಲೆಯೇ ತಪ್ಪಿತ್ತು. ಒಂದೊಂದಾಗಿ ತಿದ್ದಿಕೊಂಡಳು. ಅದನ್ನು ನೋಡುತ್ತಿದ್ದ ಆ ಸೆಂಟರಿನ ಮಾಲೀಕರು ಒಂದು ದಿನ, “ಸರ್ಟಿಫಿಕೇಟ್ ತಂದು ತೋರಿಸವ್ವ, ಜೂನಿಂದ ನೀನೇ ಇಲ್ಲಿ ಪಾಠ ಮಾಡೀಯಂತೆ” ಅಂದರು. ಅವತ್ತು ಅವಳು ನಮ್ಮ ಮನೆಗೆ ಬಂದು ಕುಣಿದದ್ದನ್ನು ನೀವು ನೋಡಬೇಕಿತ್ತು. ಸರ್ಟಿಫಿಕೇಟಿಗೆ ಬಾಕಿ ಇದ್ದದ್ದು ಒಂದು ಪ್ರಾಕ್ಟಿಕಲ್ ಪರೀಕ್ಷೆ ಮಾತ್ರ.

ಇನ್ನು ಲೆಕ್ಚರರ್ ಮಹಾಶಯರ ಬಗ್ಗೆ ಎರಡು ಮಾತು. ರಜೆಯಲ್ಲಿ ಬೆಂಗಳೂರಿಗೆ ಹೋಗಿ ಎರಡು ವಾರ ಕಲಿತು ಬಂದವರು. ಅದು ತಪ್ಪೇನಲ್ಲ. ಗೊತ್ತಿಲ್ಲದಿರುವುದೂ ತಪ್ಪಲ್ಲ. ತನಗೆ ಗೊತ್ತಿಲ್ಲ ಎಂಬುದು ಹುಡುಗರಿಗೆ ಗೊತ್ತಾಗಬಾರದು ಅನ್ನುವ ಹಟ ಇದೆಯಲ್ಲ, ಅದಕ್ಕೆ ಮಾತ್ರ ಯಾವ ಡಾಕ್ಟರ ಹತ್ತಿರವೂ ಔಷಧ ಇಲ್ಲ. “ಇಂಟರ್ಯಾಕ್ಟಿವ್ ಅಂದ್ರೆ ಬಳಸೋರು ಕೇಳಿದ್ದಕ್ಕೆ ತಕ್ಷಣ ಪ್ರತಿಕ್ರಿಯೆ ಕೊಡೋದು, ಬರ್ಕೊಳ್ರಿ” ಅಂತ ಡಿಕ್ಟೇಷನ್ ಕೊಡುತ್ತಿದ್ದಾಗ ನಿರ್ಮಲ ಕೈ ಎತ್ತಿದಳಂತೆ. “ಡಿಕ್ಟೇಷನ್ ನಡೀವಾಗ ಪ್ರಶ್ನೆ ಬ್ಯಾಡ. ಕೊನೀಗೆ ಕೇಳು” ಅಂದರಂತೆ. ಕೊನೆಗೆ ಬೆಲ್ ಹೊಡೆಯಿತು. ಕೊನೆಗೆ ಯಾವಾಗಲೂ ಬೆಲ್ಲೇ ಹೊಡೆಯುತ್ತದೆ.

ಅಂತೂ ಅಧ್ಯಕ್ಷರ ಡೇಟ್ ಸಿಕ್ಕಿತು. ಸಮಾರಂಭದಲ್ಲಿ ಹುಡುಗರು ಮಾಡಿದ ಒಂದು ಪುಟವನ್ನು ತೋರಿಸಬೇಕು ಎಂದಾಯಿತು. ಓಡುವ ಪುಟ ಇದ್ದದ್ದು ನಿರ್ಮಲಳ ಹತ್ತಿರ ಒಂದೇ. ಸರಳವಾದದ್ದು. ಒಂದು ಖಾಲಿ ಡಬ್ಬಿ, ಪಕ್ಕದಲ್ಲಿ ಬಟನ್. ಡಬ್ಬಿಯಲ್ಲಿ ನಿಮ್ಮ ಹೆಸರು ಟೈಪ್ ಮಾಡಿ ಬಟನ್ ಒತ್ತಿದರೆ, ‘ಹಲೋ’ ಅಂತ ಹೇಳಿ ಮುಂದೆ ನಿಮ್ಮ ಹೆಸರು ಹೇಳುತ್ತದೆ, ‘ವೆಲ್‌ಕಮ್’ ಅನ್ನುತ್ತದೆ. ಎಷ್ಟು ಚೆಂದ!

ಸಮಾರಂಭದ ಹಿಂದಿನ ದಿನ ಲೆಕ್ಚರರು ಲ್ಯಾಬಿನ ಹಿಂಬಾಗಿಲು ತೆಗೆಸಿ (ಮುಂಬಾಗಿಲಿಗೆ ಆಗಲೇ ರಿಬ್ಬನ್ ಕಟ್ಟಿಯಾಗಿತ್ತು) ಪರೀಕ್ಷೆ ಮಾಡಿದರು. ಅಧ್ಯಕ್ಷರ ಹೆಸರನ್ನೇ ಟೈಪ್ ಮಾಡಿದರು. ಪರದೆ ಹೇಳಿತು: ‘ಹಲೋ ಕೊಟ್ರಬಸಪ್ಪ, ವೆಲ್‌ಕಮ್!’

ಲೆಕ್ಚರರಿಗೆ ಅಲ್ಲೇ ಬೆವರು.

“ಏನವ್ವ ಇದು? ಹಲೋ ಕೊಟ್ರಬಸಪ್ಪ ಅಂದ್ರೆ? ಅವ್ರೇನು ನಿನ್ನ ಜೊತಿಗೆ ಲಗೋರಿ ಆಡಿದೋರಾ?”

ಹುಡುಗಿ ಗಾಬರಿಯಾದರೂ ದಾರಿ ಹುಡುಕಿದಳು. “ಸರ್, ಹೆಸರಿಗೆ ಮೊದ್ಲು ಶ್ರೀ ಸೇರಿಸ್ತೀನಿ, ಆಮ್ಯಾಲೆ ಅವರೇ ಅಂತ ಹಾಕ್ತೀನಿ. ಆಗ ಯಾರು ಟೈಪ್ ಮಾಡಿದ್ರೂ ಮರ್ಯಾದಿಯಿಂದ ಕರೀತೈತೆ.”

“ಯಾರು ಮಾಡಿದ್ರೂ? ಜವಾನ ಮಾಡಿದ್ರೂ ಶ್ರೀ ಅಂತೈತಾ?”

“ಹೂಂ ಸರ್.”

“ಎಲ್ಲಾರಿಗೂ ಶ್ರೀ ಅಂದ್ರೆ ಅಧ್ಯಕ್ಷರಿಗೇನು ಉಳೀತವ್ವ?”

ಓದುಗರೇ, ಈ ವಾಕ್ಯವನ್ನು ಇನ್ನೊಮ್ಮೆ ಓದಿ. ನಮ್ಮ ಊರಿನ ಬ್ಯಾನರುಗಳು, ಆಮಂತ್ರಣ ಪತ್ರಿಕೆಗಳು, ವೇದಿಕೆಯ ಕುರ್ಚಿಗಳು, ಸ್ವಾಗತ ಭಾಷಣಗಳು ಎಲ್ಲವೂ ಈ ಒಂದು ವಾಕ್ಯದ ಮೇಲೆ ನಿಂತಿವೆ. ನಮ್ಮಲ್ಲಿ ಮರ್ಯಾದೆ ಅನ್ನುವುದು ಇನ್ನೊಬ್ಬರಿಗೆ ಇಲ್ಲದಿದ್ದರೆ ಮಾತ್ರ ಮರ್ಯಾದೆ.

ಕೊನೆಗೆ ಲೆಕ್ಚರರೇ ಒಂದು ಉಪಾಯ ಹೇಳಿದರು. ಡಬ್ಬಿಯಲ್ಲಿ ಏನೇ ಟೈಪ್ ಮಾಡಲಿ, ಬಟನ್ ಒತ್ತಿದಾಗ ಒಂದೇ ಸಾಲು ಬರಬೇಕು. ‘ಸನ್ಮಾನ್ಯ, ದಾನಿಗಳು, ಶಿಕ್ಷಣಪ್ರೇಮಿ, ಅಧ್ಯಕ್ಷರಾದ ಶ್ರೀಯುತ ಕೊಟ್ರಬಸಪ್ಪನವರಿಗೆ ಹಾರ್ದಿಕ ಸುಸ್ವಾಗತ.’ ಇಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ, ದೊಡ್ಡದಾಗಿ, ಕೆಂಪು ಬಣ್ಣದಲ್ಲಿ.

“ಮತ್ತೆ ಟೈಪ್ ಮಾಡೋ ಡಬ್ಬಿ ಯಾಕ ಸರ್? ಬ್ಯಾರೆ ಯಾರಾದ್ರೂ ಒತ್ತಿದ್ರೆ ತಪ್ಪು ತೋರಿಸ್ತೈತೆ” ಅಂದಳು ನಿರ್ಮಲ.

“ಬ್ಯಾರೆ ಯಾರೂ ಮುಟ್ಟಲ್ಲ. ಹೇಳಿದಷ್ಟು ಮಾಡು. ಪ್ರಾಕ್ಟಿಕಲ್ ಮಾರ್ಕ್ಸ್ ನನ್ನ ಕೈಯಾಗ ಐತೆ, ನೆನಪಿರ್ಲಿ.”

ಮಾಡಿದಳು. ಅವತ್ತು ಸಂಜೆ ನಮ್ಮ ಮನೆಗೆ ಬಂದು (ಪರೀಕ್ಷೆ ಮುಗಿಯುವ ತನಕ ಇಲ್ಲೇ ಇರುತ್ತಾಳೆ) ಊಟವೂ ಮಾಡದೆ ಕೂತಳು. “ಚಿಕ್ಕಮ್ಮ, ಅದು ಈಗ ಪ್ರೋಗ್ರಾಮೇ ಅಲ್ಲ. ಬೋರ್ಡ್ ಬರೆಸಿ ತೂಗು ಹಾಕಿದಂಗೈತೆ” ಅಂದಳು. ನಾನು, ಇರಲಿ ಬಿಡು, ಒಂದು ದಿನದ ತಮಾಷೆ, ರೊಟ್ಟಿ ತಿನ್ನು ಅಂದೆ.

ಮರುದಿನ ಪತ್ರಿಕೆಯ ಕಡೆಯಿಂದ ನಾನೂ ಹೋಗಿದ್ದೆ. ಮುಂದಿನ ಸಾಲಿನಲ್ಲೇ ಕುರ್ಚಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಮತ್ತೊಮ್ಮೆ ಸ್ವಾಗತ. ಲೆಕ್ಚರರು ಮೈಕ್ ಹಿಡಿದು, “ನನ್ನ ಮಾರ್ಗದರ್ಶನದಲ್ಲಿ ತಯಾರಾದ ಈ ವೆಬ್ ಪುಟ” ಎಂದು ನಾಲ್ಕು ಸಲ ಹೇಳಿದರು. ನಿರ್ಮಲಳ ಹೆಸರು ಒಮ್ಮೆಯೂ ಬರಲಿಲ್ಲ. ಅವಳು ಕಂಬದ ಪಕ್ಕ ನಿಂತಿದ್ದಳು.

ಅಧ್ಯಕ್ಷರು ಹಾರ ಸರಿಸಿ ಕೂತರು. ಒಳ್ಳೆಯ ಮನುಷ್ಯ, ವಯಸ್ಸಾದವರು, ಅಕ್ಕಿ ಗಿರಣಿ ನಡೆಸಿ ಮೇಲೆ ಬಂದವರು. ಜನ್ಮದಲ್ಲಿ ಕೀಬೋರ್ಡು ಮುಟ್ಟಿರಲಿಲ್ಲ. ತೋರುಬೆರಳಿನಿಂದ ‘ಕೆ’ ಹುಡುಕಿ ಒತ್ತಿದರು. ಆಮೇಲೆ ಎಲ್ಲೋ ಒಂದು ಕಡೆ ಬೆರಳು ಬಿತ್ತು. ಸಾಕೆಂದು ಪ್ರಿನ್ಸಿಪಾಲರು ಅವರ ಕೈ ಹಿಡಿದು ಬಟನ್ ಒತ್ತಿಸಿದರು.

ಬಂತು ನೋಡಿ ಕೆಂಪು ಅಕ್ಷರದಲ್ಲಿ! ಸನ್ಮಾನ್ಯ, ದಾನಿಗಳು, ಶಿಕ್ಷಣಪ್ರೇಮಿ, ಎಲ್ಲಾ ಬಂತು. ಚಪ್ಪಾಳೆಯೋ ಚಪ್ಪಾಳೆ.

ಅಧ್ಯಕ್ಷರಿಗೆ ನಿಜವಾಗಿಯೂ ಆಶ್ಚರ್ಯ. “ಅಲ್ರೀ, ನಾ ಬರೀ ಎರಡು ಗುಂಡಿ ಒತ್ತೀನಿ. ಇದಕ್ಕೆ ನನ್ನ ಪೂರ್ತಿ ಜಾತಕನೇ ಗೊತ್ತೈತಲ್ರೀ!”

“ಇಂಟರ್ನೆಟ್ ಸರ್” ಅಂದರು ಪ್ರಿನ್ಸಿಪಾಲರು ಕೈ ಮುಗಿದು. “ಇಡೀ ಜಗತ್ತಿಗೇ ತಾವು ಗೊತ್ತು.”

(ಆ ಕಾಲೇಜಿನ ಇಂಟರ್ನೆಟ್ ಇರುವುದು ಪ್ರಿನ್ಸಿಪಾಲರ ಚೇಂಬರಿನ ಒಂದು ಫೋನ್ ಲೈನಿನಲ್ಲಿ. ಲ್ಯಾಬಿಗೆ ಒಂದು ತಂತಿಯನ್ನೂ ಎಳೆದಿಲ್ಲ. ಚೇಂಬರಿನಲ್ಲಿ ಅದರಿಂದ ಏನು ನೋಡುತ್ತಾರೆ? ಕ್ರಿಕೆಟ್ ಸ್ಕೋರು.)

ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕೂತಿದ್ದರು. ಅವರಿಗೂ ಅಧ್ಯಕ್ಷರಿಗೂ ಎಣ್ಣೆ ಸೀಗೇಕಾಯಿ ಸಂಬಂಧ ಎಂಬುದು ಕಾಲೇಜಿನ ಗೋಡೆಗಳಿಗೂ ಗೊತ್ತು. ಇಡೀ ಜಗತ್ತಿಗೇ ಅಧ್ಯಕ್ಷರು ಗೊತ್ತಂತೆ ಅಂದ ಮೇಲೆ ಕಾರ್ಯದರ್ಶಿಗಳು ಸುಮ್ಮನೆ ಇರಲು ಸಾಧ್ಯವೇ? ಎದ್ದರು. ಪಂಚೆ ಸರಿಮಾಡಿಕೊಂಡರು. “ನಂದೂ ಒಂದು ನೋಡೋಣ ಸರೀರಿ” ಅಂದು ಕೂತೇಬಿಟ್ಟರು.

ಲೆಕ್ಚರರ ಮುಖ ನೋಡಿದೆ. ಮಂಡಕ್ಕಿಯ ಬಣ್ಣಕ್ಕೆ ತಿರುಗಿತ್ತು.

ಕಾರ್ಯದರ್ಶಿಗಳು ಇನಿಷಿಯಲ್ ಸಮೇತ ತಮ್ಮ ಪೂರ್ತಿ ಹೆಸರನ್ನು ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿದರು. ಒತ್ತಿದರು. ಪರದೆ ಹೇಳಿತು: ಸನ್ಮಾನ್ಯ, ದಾನಿಗಳು, ಶಿಕ್ಷಣಪ್ರೇಮಿ, ಅಧ್ಯಕ್ಷರಾದ ಶ್ರೀಯುತ ಕೊಟ್ರಬಸಪ್ಪನವರಿಗೆ ಹಾರ್ದಿಕ ಸುಸ್ವಾಗತ.

ಇನ್ನೊಮ್ಮೆ ಒತ್ತಿದರು. ಮತ್ತೆ ಕೊಟ್ರಬಸಪ್ಪನವರೇ. ಸಭೆಯಲ್ಲಿ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. (ನಾನೂ ನಕ್ಕೆ. ನಗದಿರಲು ನಾನೇನು ಕಲ್ಲೇ?)

“ಏನ್ರೀ ಪ್ರಿನ್ಸಿಪಾಲ್ರೇ, ಮಷಿನ್ನಿಗೂ ಹೇಳಿಕೊಟ್ಟೀರೇನು? ನಾಲ್ಕು ಮಂದಿ ಮುಂದೆ ನನ್ನ ಮರ್ಯಾದಿ ತೆಗೀಲಿಕ್ಕೆ ಕರೆಸೀರಿ!” ಕಾರ್ಯದರ್ಶಿಗಳು ತಮಗೆ ಇಟ್ಟಿದ್ದ ಶಾಲನ್ನೂ ಮುಟ್ಟದೆ ಎದ್ದು ನಡೆದರು. ಅವರ ಹಿಂದೆ ಅವರ ಕಡೆಯ ಎರಡು ಸಾಲು ಖಾಲಿ.

ಅಧ್ಯಕ್ಷರಿಗೂ ಕಸಿವಿಸಿ. “ಯಾರು ಮಾಡಿದ್ದು ಇದನ್ನ?” ಎಂದು ಕೇಳಿದರು.

ಐದು ನಿಮಿಷದ ಹಿಂದೆ ನಾಲ್ಕು ಸಲ ‘ನನ್ನ ಮಾರ್ಗದರ್ಶನ’ ಅಂದವರು ಈಗ ಏನು ಮಾಡಿರಬಹುದು ಹೇಳಿ? ಕೈ ಎತ್ತಿ ಕಂಬದ ಪಕ್ಕ ತೋರಿಸಿದರು. “ಈ ಹುಡುಗಿ ಸರ್. ಪ್ರೋಗ್ರಾಮ್ ತಪ್ಪು ಬರೆದಾಳೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ ಅನ್ನುತ್ತಾರೆ. ಇಲ್ಲಿ ಎತ್ತು ತಾನೇ ಬರೆ ಕಾಯಿಸಿಕೊಂಡು ಬಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಮಂಗಳವಾರ ಪ್ರಿನ್ಸಿಪಾಲರು ನಿರ್ಮಲಳನ್ನು ಕರೆಸಿದರು. ಪೋಷಕರು ಬರಬೇಕಂತೆ. ನಾನು ಹೋದೆ. ಚೇಂಬರಿನಲ್ಲಿ ಲೆಕ್ಚರರೂ ಇದ್ದರು, ತಮ್ಮ ಬೂಟನ್ನೇ ಹೊಸದಾಗಿ ಕಂಡವರ ಹಾಗೆ ನೋಡುತ್ತಾ.

“ಬರ್ರಿ ಮೇಡಂ, ಕೂಡ್ರಿ” ಅಂದರು ಪ್ರಿನ್ಸಿಪಾಲರು. “ಕಾರ್ಯದರ್ಶಿಗಳು ಭಾಳ ನೊಂದ್ಕೊಂಡಾರೆ. ಈ ಹುಡುಗಿ ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ರೆ ಎಲ್ಲಾ ಮುಗೀತೈತೆ. ಇಲ್ಲಂದ್ರೆ ಸೋಮವಾರ ಪ್ರಾಕ್ಟಿಕಲ್ಲಿಗೆ ಕೂಡ್ಸಕ್ಕೆ ಆಗಲ್ಲ. ಹಾಲ್ ಟಿಕೆಟ್ ಇಲ್ಲೇ ನನ್ನ ಡ್ರಾಯರಿನಾಗೈತೆ.”

ನಾನು ಲೆಕ್ಚರರ ಕಡೆ ತಿರುಗಿದೆ. “ನೀವೇ ಹೇಳಿ ಮಾಡಿಸಿದ್ದಲ್ವೇನ್ರಿ?”

“ನಾ ಹಂಗೇನೂ... ಅಂದ್ರೆ, ಸ್ವಾಗತ ಚೆಂದ ಇರ್ಲಿ ಅಂತಷ್ಟೇ...” ಅಂದರು. ಬೂಟಿಗೆ ಹೇಳಿದರು.

ಜಗಳಕ್ಕೆ ಸೆರಗು ಸೊಂಟಕ್ಕೆ ಸಿಗಿಸಿದೆ. ಅಷ್ಟರಲ್ಲಿ ನಿರ್ಮಲ ನನ್ನ ಕೈ ಹಿಡಿದಳು. “ಇರ್ಲಿ ಚಿಕ್ಕಮ್ಮ, ಬರೀತೀನಿ. ಸರ್, ಏನೇನು ಬರೀಬೇಕು?”

ಪ್ರಿನ್ಸಿಪಾಲರಿಗೆ ಜೀವ ಬಂತು. “ಜಾಣೆ ನೋಡ್ರಿ! ಏನು ತಪ್ಪು ಮಾಡ್ದೆ, ಅದು ಯಾಕ ಆತು, ಇನ್ನ ಮುಂದೆ ಏನು ಮಾಡಲ್ಲ. ಇಷ್ಟು ಬರಿ ಸಾಕು.”

ನನಗೆ ಅಳು ಬರುವಷ್ಟು ಸಿಟ್ಟು. ಇಷ್ಟು ಬೇಗ ಬಗ್ಗಿದಳಲ್ಲ ಎಂದು ಅವಳ ಮೇಲೂ ಸಿಟ್ಟು. ಆದರೆ ಏನು ಹೇಳಲಿ? ಸರ್ಟಿಫಿಕೇಟಿಲ್ಲದೆ ಹರಿಹರದ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಭಾವನ ಮಾತಿಗೆ ನಾನು ಎದುರಾಡುವಂತಿಲ್ಲ. ಸಿಗಿಸಿದ್ದ ಸೆರಗನ್ನು ಬಿಡಿಸಿಕೊಂಡು ಕೂತೆ. ಅವಳು ಮೂಲೆಯ ಮೇಜಿನಲ್ಲಿ ಬರೆದು, ಸಹಿ ಹಾಕಿ, ತಂದುಕೊಟ್ಟಳು.

ಪ್ರಿನ್ಸಿಪಾಲರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಲೆಕ್ಚರರ ಕೈಗೆ ಕೊಟ್ಟರು. ಅವರ ಕೈಯಿಂದ ನಾನು ಕಿತ್ತುಕೊಂಡೆ. ಹೀಗಿತ್ತು:

‘ನಾನು ಮೊದಲು ಬರೆದ ಪ್ರೋಗ್ರಾಮ್ ಸರಿ ಇತ್ತು. ನಮ್ಮ ಸರ್ ಹೇಳಿದಂತೆ ಅದನ್ನು ಬದಲಾಯಿಸಿದ್ದು ನನ್ನ ತಪ್ಪು. ಅವರ ಕೈಯಲ್ಲಿ ನನ್ನ ಮಾರ್ಕ್ಸ್ ಇದ್ದುದರಿಂದ ಈ ತಪ್ಪಾಯಿತು. ಇನ್ನು ಮುಂದೆ ಅವರು ಹೇಳಿದಂತೆ ಮಾಡುವುದಿಲ್ಲ. ದಯವಿಟ್ಟು ಕ್ಷಮಿಸಬೇಕು.’

ಏನು ತಪ್ಪು, ಯಾಕಾಯಿತು, ಮುಂದೇನು ಮಾಡುವುದಿಲ್ಲ. ಕೇಳಿದ್ದಷ್ಟೂ ಇತ್ತು.

“ಇದು ನಡೆಯಲ್ಲವ್ವ” ಅಂದರು ಪ್ರಿನ್ಸಿಪಾಲರು.

“ಇದ್ರಾಗೆ ಸುಳ್ಳು ಯಾವ್ದೈತ್ರಿ, ತೋರಿಸ್ರಿ” ಅಂದೆ ನಾನು.

“ಸುಳ್ಳು ನಿಜದ ಪ್ರಶ್ನೆ ಅಲ್ಲ ಮೇಡಂ. ಇದನ್ನ ಕಮಿಟಿ ಮುಂದೆ ಹೆಂಗಿಡ್ಲಿ? ಸುಮ್ನೆ, ‘ತಪ್ಪಾಗೈತೆ, ಕ್ಷಮಿಸ್ರಿ’ ಅಂತ ಒಂದು ಸಾಲು ಬರೆಸ್ರಿ.”

“ಬರೀತೀನಿ ಸರ್” ಅಂದಳು ನಿರ್ಮಲ. “ಏನು ಬರೀಬೇಕೋ ನೀವ ಹೇಳ್ರಿ, ಹಂಗೇ ಬರೀತೀನಿ. ಕೆಳಗೆ, ಹೇಳಿ ಬರೆಸಿದೋರು ಯಾರು ಅಂತನೂ ಬರೀತೀನಿ.”

ಆಹಾ! ನನ್ನ ಅಕ್ಕನ ಹೊಟ್ಟೆ ತಣ್ಣಗಿರಲಿ.

ಪತ್ರ ಈಗ ಪ್ರಿನ್ಸಿಪಾಲರ ಪಾಲಿಗೆ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಹರಿದು ಹಾಕಿದರೂ ಹುಡುಗಿ ಕ್ಷಮಾಪಣೆ ಕೇಳಲಿಲ್ಲ ಅನ್ನುವಂತಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಫೈಲಿಗೆ ಸೇರಿಸಿದರೆ ಲೆಕ್ಚರರ ಕುರ್ಚಿ ಅಲ್ಲಾಡುತ್ತದೆ. “ನೋಡ್ತೀವಿ, ಹೋಗ್ರಿ” ಅಂದರು. ಹಾಲ್ ಟಿಕೆಟ್ ಕೊಡಲಿಲ್ಲ. ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಬಿಟ್ಟರು.

ರಾಗ ಎಳೆಯದೆ ಭಾವನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ‘ನಾ ಮೊದ್ಲೇ ಹೇಳಿದ್ನಲ್ಲ’ ಅನ್ನುತ್ತಾರೆ, ನಾಳೆಯೇ ಮಗಳನ್ನು ಊರಿಗೆ ಕಳಿಸು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

“ಆಕಿ ಬರೆದದ್ರಾಗೆ ಸುಳ್ಳೇನಾರ ಐತೇನವ್ವ?”

“ಇಲ್ಲ ಭಾವ.”

“ಹಂಗಾದ್ರೆ ಬದಲಾಯಿಸೋದು ಬ್ಯಾಡ. ಸೋಮವಾರ ನಾನೂ ಬರ್ತೀನಿ.”

ಅಷ್ಟೇ. ಫೋನ್ ಇಟ್ಟರು. ನಾನು ಅಡಿಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ನಮ್ಮೆಜಮಾನರು ಈರುಳ್ಳಿಯಾ ಅಂತ ಕೇಳಿದರು. ಹೂಂ ಅಂದೆ.

ನೀವು ಇದನ್ನು ಓದುವ ಹೊತ್ತಿಗೆ ಸೋಮವಾರ ಇನ್ನೂ ಬಂದಿರುವುದಿಲ್ಲ. ನಿರ್ಮಲ ನಮ್ಮ ಮನೆಯ ಹಜಾರದಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದಾಳೆ, ಹಾಲ್ ಟಿಕೆಟ್ ಕೈಯಲ್ಲೇ ಇದೆಯೇನೋ ಅನ್ನುವ ಹಾಗೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾವು ಮೂವರೂ ಲ್ಯಾಬಿನ ಬಾಗಿಲಲ್ಲಿರುತ್ತೇವೆ. ಪ್ರಿನ್ಸಿಪಾಲರೇ, ಕ್ಷಮೆ ಕೇಳಲು ಹೇಳಿದಿರಿ, ಹುಡುಗಿ ಕೇಳಿಯೂ ಆಯಿತು.

ಆ ಒಂದು ಹಾಳೆಯನ್ನು ಕೈಚಾಚಿ ತೆಗೆದುಕೊಳ್ಳಲು ಇಷ್ಟು ಜನ ದೊಡ್ಡವರಿಗೆ ಇಷ್ಟೊಂದು ಭಯ ಯಾಕೆ ಸ್ವಾಮಿ?